ನಿಮಗಿದು ಗೊತ್ತೆ?: ‘ಓಕೆ’ ಹುಟ್ಟಿದ್ದು ತಪ್ಪು ಕಾಗುಣಿತದಿಂದ

‘ಓಕೆ’ ಪದ ಅಚ್ಚಿನಲ್ಲಿ ಮೊದಲು ಕಾಣಿಸಿದ್ದು 1839ರ ಮಾರ್ಚ್ 23ರಂದು, ಅಮೆರಿಕದ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ. ಪದಗಳನ್ನು ಬೇಕೆಂದೇ ತಪ್ಪಾಗಿ ಬರೆದು, ಮೊದಲಕ್ಷರಗಳನ್ನಷ್ಟೇ ಬಳಸುವ ತಮಾಷೆ ಆಗ ಅಲ್ಲಿ ಚಾಲ್ತಿಯಲ್ಲಿತ್ತು. ‘ಆಲ್ ಕರೆಕ್ಟ್’ ಎಂಬುದನ್ನು ‘ಓ’, ‘ಕೆ’ ಅಕ್ಷರಗಳಿಂದ ಶುರುಮಾಡಿ ಬರೆದದ್ದೇ ಇದರ ಮೂಲ. ಅಂಥ ಬಹುತೇಕ ಪದಗಳು ಅಳಿದವು. ‘ಓಕೆ’ಗೆ ಬಲ ಕೊಟ್ಟದ್ದು ಚುನಾವಣೆ. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಬೆಂಬಲಿಗರು ಅವರ ಹುಟ್ಟೂರಿನಿಂದ ಬಂದ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರು ಹಿಡಿದು ‘ಓಕೆ ಕ್ಲಬ್’ ಕಟ್ಟಿದರು. ವ್ಯಾನ್ ಬ್ಯೂರೆನ್ ಸೋತರೂ ಪದ ಉಳಿಯಿತು. ಈ ಚರಿತ್ರೆಯನ್ನು 1960ರ ದಶಕದಲ್ಲಿ ಬಿಡಿಸಿಟ್ಟವರು ಭಾಷಾವಿದ್ವಾಂಸ ಆಲೆನ್ ವಾಕರ್ ರೀಡ್. ಕನ್ನಡದ ಮಾತಿನಲ್ಲೂ ‘ಓಕೆ’ ಎಂದರೆ ಒಪ್ಪಿಗೆ; ‘ಊಟ ಹೇಗಿತ್ತು?’ ಎಂಬುದಕ್ಕೆ ಉತ್ತರವಾದರೆ ‘ಅಷ್ಟಕ್ಕಷ್ಟೆ’ ಎಂದರ್ಥ. ಫೋನ್ ಇಡುವ ಮುನ್ನ ಮಾತು ಮುಗಿಯಿತೆಂಬ ಸೂಚನೆ.