ಸಂಧಿಪತ್ರದ ನಾಲ್ಕನೆಯ ವಿಧಿ

2010ರಲ್ಲಿ ಅಮೆರಿಕದ ಸೇನಾರಹಸ್ಯಗಳನ್ನೂ ರಾಯಭಾರಿಗಳ ಗೋಪ್ಯ ಪತ್ರವ್ಯವಹಾರವನ್ನೂ ಲೋಕದ ಮುಂದೆ ತೆರೆದಿಟ್ಟ ವಿಕಿಲೀಕ್ಸಿನ ಜೂಲಿಯನ್ ಅಸಾಂಜ್, ಲಂಡನ್ನಿನ ಎಕ್ವಡಾರ್ ರಾಯಭಾರ ಕಚೇರಿಯಲ್ಲಿ ಏಳು ವರ್ಷಗಳ ಸಮೀಪ ಆಶ್ರಿತನಾಗಿದ್ದು 2019ರ ಏಪ್ರಿಲಿನಲ್ಲಿ ಬಂಧಿತನಾದ ಬಳಿಕ, ಅಮೆರಿಕವು ಆತನ ಮೇಲೆ ಹೊರಿಸಿದ 18 ಆರೋಪಗಳಲ್ಲಿ 17, ಗೂಢಚರ್ಯೆಯನ್ನು ದಂಡಿಸಲೆಂದು 1917ರಲ್ಲಿ ರಚಿತವಾದ ಶಾಸನಕ್ಕೆ ಸೇರಿದ್ದುವು. ಗೂಢಚಾರನು ಕದ್ದುದನ್ನು ಶತ್ರುವಿನ ಕಿವಿಯಲ್ಲಿ ಉಸುರುವನು. ಈತನಾದರೋ ಊರಿಗೆಲ್ಲ ಡಂಗುರ ಸಾರಿದವನು!

ಆತನನ್ನು ತನಗೊಪ್ಪಿಸಬೇಕೆಂದು ಅಮೆರಿಕವು ಬ್ರಿಟನ್ನನ್ನು ಕೇಳಿತು. ವಿಚಿತ್ರವೇನೆಂದರೆ, 2003ರಲ್ಲಿ ಬ್ರಿಟನ್ ಅಮೆರಿಕಗಳು ಮಾಡಿಕೊಂಡ ಹಸ್ತಾಂತರ ಸಂಧಿಯ ನಾಲ್ಕನೆಯ ವಿಧಿಯು ರಾಜಕೀಯ ಅಪರಾಧಕ್ಕಾಗಿ ಯಾರನ್ನೂ ಒಪ್ಪಿಸತಕ್ಕದ್ದಲ್ಲವೆಂದು ಸಾರಿದ್ದರೂ, ಅದೇ ವರ್ಷ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ಹಸ್ತಾಂತರ ಕಾಯಿದೆಯಲ್ಲಿ ಆ ರಕ್ಷಣೆಯೇ ಇಲ್ಲದುದರಿಂದ, ನ್ಯಾಯಾಧೀಶರು ಕಾಯಿದೆಯನ್ನು ಹಿಡಿದು ಸಂಧಿಯ ಮಾತನ್ನು ಬದಿಗಿರಿಸಿದರು. 2021ರ ಜನವರಿಯಲ್ಲಿ ಅವರು ಹಸ್ತಾಂತರವನ್ನು ನಿರಾಕರಿಸಿದ್ದು ಬಂದಿಯ ಆತ್ಮಹತ್ಯೆಯ ಭಯದಿಂದ, ಪತ್ರಿಕಾಸ್ವಾತಂತ್ರ್ಯದ ಗೌರವದಿಂದಲ್ಲ. ಆ ತೀರ್ಪೂ ವರ್ಷಾಂತ್ಯಕ್ಕೆ ಮೇಲಿನ ನ್ಯಾಯಾಲಯದಲ್ಲಿ ಉರುಳಿತು.

ಹೆಸರುಗಳನ್ನು ಮರೆಮಾಡದೆ ಪ್ರಕಟಿಸಿ ಮಾಹಿತಿದಾರರ ಪ್ರಾಣವನ್ನು ಅಪಾಯಕ್ಕೊಡ್ಡಿದನೆಂಬ ಆಕ್ಷೇಪವನ್ನು ನಾನು ಲಘುವೆಂದೆಣಿಸೆನು. ಆದರೆ ಅದಕ್ಕೆ ಗೂಢಚಾರನ ಪಟ್ಟವೇ ಉತ್ತರವೆಂದೂ ಒಪ್ಪೆನು.

ಕಟ್ಟಕಡೆಗೆ 2024ರ ಜೂನ್ 26ರಂದು, ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದ ಅಮೆರಿಕನ್ ನ್ಯಾಯಾಲಯದಲ್ಲಿ ಒಂದು ಆರೋಪವನ್ನು ಒಪ್ಪಿಕೊಂಡು, ಲಂಡನ್ನಿನ ಬೆಲ್‌ಮಾರ್ಷ್ ಸೆರೆಮನೆಯಲ್ಲಿ ಕಳೆದ 62 ತಿಂಗಳುಗಳೇ ಶಿಕ್ಷೆಯೆಂದು ಪರಿಗಣಿತವಾಗಿ, ಆತನು ಅದೇ ದಿನ ಆಸ್ಟ್ರೇಲಿಯಕ್ಕೆ ಮರಳಿದನು.