ಕಾರ್‌ಶೆಡ್ ಲೋಕಲ್ಲಿನ ಸೀಟೂ ಮಿದುಳಿನ ಲೆಕ್ಕವೂ

ಮುಂಬಯಿ ಬಳಿಯ ಕಳವಾ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಕಲ್ಯಾಣ, ಡೊಂಬಿವಲಿ ಕಡೆಯ ಸ್ಲೋ ಗಾಡಿ ಇಲ್ಲಿಗೆ ಬರುವಷ್ಟರಲ್ಲಿ ಬಾಗಿಲವರೆಗೂ ತುಂಬಿರುತ್ತದೆ. ಹಾಗಾಗಿ ಬೆಳಿಗ್ಗೆ ಎಷ್ಟೋ ಜನ ಲೋಕಲ್ ಗಾಡಿಗಳು ತಂಗುವ ಕಾರ್‌ಶೆಡ್ಡಿಗೇ ನಡೆದು ಹೋಗಿ, ಜೀವದ ಹಂಗು ತೊರೆದು ಅಲ್ಲಿಂದ ಹೊರಡುವ ಖಾಲಿ ಗಾಡಿ ಹತ್ತುತ್ತಾರೆ. ಮೊದಲ ದಿನ ಕಿಟಕಿ ಪಕ್ಕದ ಸೀಟು ಸಿಕ್ಕರೆ ಹಬ್ಬ. ತಿಂಗಳಾದರೆ ಅದೇ ಸೀಟು ಮಾಮೂಲು. ಸಿಗದ ದಿನ ಮಾತ್ರ ಸಿಡಿಮಿಡಿ.

ಇದಕ್ಕೆ ನಮ್ಮ ಅಲ್ಪತನ ಕಾರಣವಲ್ಲ, ನರಕೋಶಗಳು ಲೆಕ್ಕವಿಡುವುದೇ ಹೀಗೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುವ ಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಬಾಯಿಗೆ ಬಿದ್ದಾಗ ಅವು ಚುರುಕಾಗುತ್ತಿದ್ದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಕೋತಿ ಕಲಿತ ನಂತರ ದೀಪಕ್ಕೇ ಚುರುಕಾದವು, ರಸಕ್ಕೆ ಏನೂ ಅನ್ನಲಿಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಿದ್ದ ಕ್ಷಣಕ್ಕೇ ಸರಿಯಾಗಿ ಮಂಕಾದವು. ಪೀಟರ್ ದಯಾನ್, ರೀಡ್ ಮಾಂಟೆಗ್ಯೂ ಜೊತೆ 1997ರಲ್ಲಿ ಅವರು ಇದರ ಅರ್ಥ ಬಿಡಿಸಿಟ್ಟರು: ಈ ಕೋಶಗಳು ಅಳೆಯುವುದು, ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು.

ಹಾಗಾದರೆ ತೃಪ್ತಿಯ ಗತಿ? ಅದರ ದಾರಿಯೇ ಬೇರೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು 1989ರಲ್ಲಿ ಡೋಪಮೈನ್ ಬಹುಪಾಲು ನಾಶವಾದ ಇಲಿಗಳನ್ನು ಪರೀಕ್ಷಿಸಿದರು. ತಾವಾಗಿ ಆಹಾರಕ್ಕೆ ಬಾಯಿಡದ ಆ ಇಲಿಗಳು, ಸಕ್ಕರೆ ನೀರನ್ನು ಬಾಯಿಗೆ ಬಿಟ್ಟಾಗ ಎಂದಿನಂತೆಯೇ ತುಟಿ ನೆಕ್ಕಿಕೊಂಡವು. ಬೇಕೆನ್ನಿಸುವುದು ಬೇರೆ, ಹಿತವೆನ್ನಿಸುವುದು ಬೇರೆ. ಹಿತದ ಅನುಭವದಲ್ಲಿ ಮಿದುಳು ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳ ಪಾತ್ರ ದೊಡ್ಡದು. ಇದ್ದುದರಲ್ಲೇ ನೆಮ್ಮದಿಯಾಗಿದ್ದರೆ ಮುಂದೆ ಬರಲಾರೆ ಎಂದು ಮಕ್ಕಳನ್ನು ಹೆದರಿಸುವುದನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ಒಂದು ತುಂಬಿದರೆ ಇನ್ನೊಂದು ಬತ್ತಲೇಬೇಕೆಂದಿಲ್ಲ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನೇ ನೋಡಿ. ಹಗಲಿಡೀ ಉಡುಪಿ ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದ ಕೈಗಳೇ ಅಲ್ಲಿ ಪೆನ್ಸಿಲ್ ಹಿಡಿದವು. ಸರ್ಟಿಫಿಕೇಟು, ಒಳ್ಳೆಯ ನೌಕರಿ ಬೇಕಿತ್ತು, ನಿಜ. ಆದರೆ ಅವು ಬರುವುದು ವರ್ಷಗಳ ನಂತರ. ನಿದ್ದೆ ಎಳೆಯುವ ರಾತ್ರಿ ಬೆಂಚಿನ ಮೇಲೆ ಕೂರಿಸಲು ಅಂದಂದಿನ ಸಂತೋಷವೂ ಬೇಕು, ಬಿಡಿಸಲಾಗದ ಲೆಕ್ಕ ಇವತ್ತು ಬಗೆಹರಿಯಿತಲ್ಲ ಎಂಬಂಥದ್ದು.

ಆ ಸಂತೋಷ ಎಷ್ಟು ಸೂಕ್ಷ್ಮವೆಂಬುದನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ತೋರಿಸಿದರು. ಘನಾಕೃತಿಯ ಒಗಟು ಬಿಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಮುಟ್ಟುವುದು ಕಡಿಮೆಯಾಯಿತು. ಬಾಯಿಮಾತಿನ ಮೆಚ್ಚುಗೆ ಪಡೆದವರ ಆಸಕ್ತಿ ಮಾತ್ರ ಹಾಗೆ ಕುಗ್ಗಲಿಲ್ಲ. ರಾತ್ರಿಶಾಲೆಯ ಮೇಷ್ಟ್ರ ಕೈಯಲ್ಲಿ ಕೊಡಲು ಇದ್ದದ್ದೂ ಅಷ್ಟೇ, ಒಂದು ‘ಭೇಷ್’.