ಬರಿಗೈಯಲ್ಲಿ ಮರಳುವ ಹಾರಾಟಗಳು

2014ರ ಜುಲೈನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಿಚ್‌ಬರ್ಗ್ ಊರಿನಲ್ಲಿ 82 ವರ್ಷದ ವೃದ್ಧರೊಬ್ಬರು ಕಾಣೆಯಾದರು. ಹೆಲಿಕಾಪ್ಟರ್ ಬಂತು, ವಾಸನೆ ಹಿಡಿಯುವ ನಾಯಿಗಳು ಬಂದವು, ಊರಿನ ಜನ ಸಾಲುಗಟ್ಟಿ ಹೊಲ ಗದ್ದೆ ಜಾಲಾಡಿದರು. ಮೂರು ದಿನವಾದರೂ ಸುಳಿವಿಲ್ಲ. ಆಗ ಹವ್ಯಾಸಕ್ಕೆಂದು ಡ್ರೋನ್ ಹಾರಿಸುತ್ತಿದ್ದ ಯುವಕನೊಬ್ಬ ತನ್ನದನ್ನೂ ಮೇಲಕ್ಕೆ ಬಿಟ್ಟ. ಸುಮಾರು 20 ನಿಮಿಷದಲ್ಲಿ ಸೋಯಾಬೀನ್ ಹೊಲದ ನಡುವೆ ಆ ಅಜ್ಜ ಜೀವಂತವಾಗಿ ಕಂಡರು.

ಇಂಥ ಸುದ್ದಿ ಓದಿದವರೆಲ್ಲ ಯಂತ್ರವನ್ನು ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ಈ ಕೆಲಸವನ್ನು ಹತ್ತಿರದಿಂದ ಅರಿಯುತ್ತ ಹೋದಂತೆ ನನ್ನ ಮೆಚ್ಚುಗೆ ಬೇರೆ ಕಡೆ ತಿರುಗಿದೆ. ಒಂದು ಹುಡುಕಾಟದಲ್ಲಿ ಹತ್ತಾರು ಹಾರಾಟ ನಡೆಯುತ್ತವೆ. ಕಾಣೆಯಾದವರು ಇರುವುದು ಒಂದೇ ಜಾಗದಲ್ಲಿ. ಹಾಗಾಗಿ ಒಂದನ್ನು ಬಿಟ್ಟು ಉಳಿದ ಹಾರಾಟಗಳೆಲ್ಲ ಬರಿಗೈಯಲ್ಲೇ ಮರಳಬೇಕು. ಆ ಬರಿಗೈಯನ್ನು ರಕ್ಷಣಾ ತಂಡ ನಂಬಬಹುದಾದ ಮಾಹಿತಿಯಾಗಿ ಮಾಡಿಕೊಡುವವನೇ ನಿಜವಾದ ಕುಶಲಿ.

2018ರಲ್ಲಿ ಯುರೋಪಿನ ತುರ್ತು ಕರೆ ಸೇವೆಗಳ ಸಂಘವೂ ಡ್ರೋನ್ ತಯಾರಿಸುವ ಡಿಜೆಐ ಕಂಪನಿಯೂ ಸೇರಿ ಐರ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ಪರೀಕ್ಷೆ ನಡೆಸಿದವು. ಕಾಣೆಯಾದವರ ಬದಲಿಗೆ ಬೊಂಬೆಗಳನ್ನೋ ಮನುಷ್ಯರನ್ನೋ ಇಟ್ಟು, ಡ್ರೋನ್ ಇರುವ ತಂಡಗಳನ್ನೂ ಇಲ್ಲದ ತಂಡಗಳನ್ನೂ ಹುಡುಕಲು ಬಿಟ್ಟರು. ಡ್ರೋನ್ ತಂಡಗಳು ಸರಾಸರಿ ಮೂರು ನಿಮಿಷಕ್ಕೂ ಹೆಚ್ಚು ಬೇಗ ಕಂಡುಹಿಡಿದವು. ಆದರೆ ಹೆಚ್ಚು ಸಲ ಕಂಡುಹಿಡಿದದ್ದು ಕಾಲ್ನಡಿಗೆಯ ತಂಡಗಳು! ಕ್ಯಾಮೆರಾದ ಕೆಳಗೆ ಮನುಷ್ಯ ಬಂದರೂ ನೋಡುವವರ ಕಣ್ಣು ತಪ್ಪಿಹೋಗಬಹುದು. ಅದು ಯಾಕೆ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ.

ಸಾಮಾನ್ಯ ಡ್ರೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾ 60 ಮೀಟರ್ ಎತ್ತರದಿಂದ ನೇರ ಕೆಳಗೆ ನೋಡಿದರೆ ಸುಮಾರು 90 ಮೀಟರ್ ಅಗಲದ ನೆಲ ಚಿತ್ರದಲ್ಲಿ ಬರುತ್ತದೆ. ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಮಲಗಿರುವ ಮನುಷ್ಯ ಉದ್ದಕ್ಕೆ ಎಪ್ಪತ್ತೈದು ಪಿಕ್ಸೆಲ್, ಭುಜದ ಅಡ್ಡಕ್ಕೆ ಇಪ್ಪತ್ತು. ಕೇಳಲು ಸಾಕಷ್ಟು ಎನಿಸುತ್ತದೆ. ಆದರೆ ಅದೇ ಚಿತ್ರವನ್ನು ಪೈಲಟ್ ನೋಡುವುದು ಕೈಯಲ್ಲಿರುವ ಫೋನಿನ ಪರದೆಯಲ್ಲಿ. ಅಲ್ಲಿ ಆ ಮನುಷ್ಯನ ಉದ್ದ ಎರಡೂವರೆ ಮಿಲಿಮೀಟರ್! ಡ್ರೋನ್ ಮುಂದಕ್ಕೆ ಸಾಗುತ್ತಿರುತ್ತದೆ, ಬಿಸಿಲು ಪರದೆಯ ಮೇಲೆ ಹೊಳೆಯುತ್ತಿರುತ್ತದೆ, ಬ್ಯಾಟರಿಯ ಅಂಕಿ ಇಳಿಯುತ್ತಿರುತ್ತದೆ. ಮಣ್ಣಿನ ಬಣ್ಣದ ಅಂಗಿ ತೊಟ್ಟವರಾದರೆ ಕಾಣುವುದು ಇನ್ನೂ ಕಷ್ಟ.

ಅದಕ್ಕೇ ಪಳಗಿದ ತಂಡಗಳು ಒಬ್ಬರ ಮೇಲೆಯೇ ಎಲ್ಲವನ್ನೂ ಹೇರುವುದಿಲ್ಲ. ಒಬ್ಬರು ಹಾರಿಸುತ್ತಾರೆ. ಇನ್ನೊಬ್ಬರು ಆಕಾಶದ ಕಡೆಗೇ ಕಣ್ಣಿಟ್ಟು ತಂತಿ, ಮರ, ಹದ್ದು, ಹೆಲಿಕಾಪ್ಟರ್ ಇವೆಯೇ ಎಂದು ಗಮನಿಸುತ್ತಾರೆ. ಮೂರನೆಯವರು ನೆರಳಿನಲ್ಲಿ ಕೂತು ದೊಡ್ಡ ಪರದೆಯಲ್ಲಿ ಚಿತ್ರ ನೋಡುತ್ತಾರೆ. ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡುವುದಿಲ್ಲ. ಡ್ರೋನ್ ನೇಗಿಲು ಹೂಡಿದ ಹಾಗೆ ಆ ತುದಿಯಿಂದ ಈ ತುದಿಗೆ, ಮತ್ತೆ ಪಕ್ಕದ ಸಾಲಿನಲ್ಲಿ ಹಿಂದಕ್ಕೆ ಸಾಗಬೇಕು. ಒಂದು ಸಾಲಿನ ಅಂಚು ಮುಂದಿನ ಸಾಲಿನಲ್ಲೂ ಬರುವಂತೆ ಮೂರನೇ ಒಂದು ಭಾಗ ಒಂದರ ಮೇಲೊಂದು ಬರಬೇಕು. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಹೀಗೆ ಹಾರಿದರೆ ಒಂದು ಬ್ಯಾಟರಿಗೆ, ಅಂದರೆ ಇಪ್ಪತ್ತು ನಿಮಿಷಕ್ಕೆ, ತಿರುವುಗಳ ಸಮಯ ಕಳೆದು ಸುಮಾರು 80 ಎಕರೆ ಮುಗಿಯುತ್ತದೆ. ಕಂಪನಿಯವರು ಪೆಟ್ಟಿಗೆಯ ಮೇಲೆ ಅರ್ಧ ಗಂಟೆ ಎಂದು ಬರೆದಿರಬಹುದು. ಗಾಳಿಗೆ ಎದುರಾಗಿ ಮನೆಗೆ ಮರಳಲು ಬ್ಯಾಟರಿ ಉಳಿಸಿಕೊಳ್ಳದವರು ಡ್ರೋನನ್ನೂ ಹುಡುಕಬೇಕಾಗುತ್ತದೆ.

ಥರ್ಮಲ್ ಕ್ಯಾಮೆರಾ ಇದ್ದರೆ ಆಟವೇ ಬೇರೆ. 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಶಾಖದ ಕಿರಣವನ್ನು ಅದು ಹಿಡಿಯುತ್ತದೆ, ಬೆಳಕಿನ ಹಂಗಿಲ್ಲ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆರು ವರ್ಷದ ಹುಡುಗನೊಬ್ಬ ತನ್ನ ನಾಯಿಯ ಜೊತೆ ಕಾಣೆಯಾದ. ಸುಮಾರು 600 ಜನ ಕತ್ತಲಲ್ಲಿ ಹುಡುಕಿದರು. ಮಧ್ಯರಾತ್ರಿ ಕಳೆದ ಮೇಲೆ ಖಾಸಗಿ ಪೈಲಟ್ ಒಬ್ಬರ ಥರ್ಮಲ್ ಡ್ರೋನಿನಲ್ಲಿ ಬಿಳಿ ಚುಕ್ಕೆಯೊಂದು ಕಂಡಿತು. ಹುಡುಗ ಸುರಕ್ಷಿತವಾಗಿದ್ದ, ನಾಯಿ ಅವನ ಪಕ್ಕದಲ್ಲೇ ಇತ್ತು. ಅಂದಿನ ಚಳಿಯೇ ಹುಡುಕುವವರಿಗೆ ಸಹಾಯ ಮಾಡಿತು. ನೆಲ ತಣ್ಣಗಿದ್ದಷ್ಟೂ ಮೈಶಾಖ ಎದ್ದು ಕಾಣುತ್ತದೆ.

ನಮ್ಮ ಕಡೆಯ ಮಧ್ಯಾಹ್ನದಲ್ಲಿ ಇದೇ ಕ್ಯಾಮೆರಾ ಹಾರಿಸಿದರೆ ಬಂಡೆಗಳು ಮನುಷ್ಯರಿಗಿಂತ ಬಿಸಿಯಾಗಿರುತ್ತವೆ. ಬೆಳಗ್ಗೆ ಮತ್ತು ಸಂಜೆ ನೆಲದ ಶಾಖವೂ ಮೈಯ ಶಾಖವೂ ಒಂದೇ ಮಟ್ಟಕ್ಕೆ ಬಂದು ಮನುಷ್ಯ ಕಣ್ಮರೆಯಾಗುವ ಹೊತ್ತೊಂದು ಇರುತ್ತದೆ. ಸೂರ್ಯ ಹುಟ್ಟುವ ಮುಂಚಿನ ಗಂಟೆಗಳೇ ಒಳ್ಳೆಯವು. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮೇಲೆ ಹಾರಿದರೆ ಕ್ಯಾಮೆರಾಗೆ ಸಿಗುವುದು ಎಲೆಗಳ ಶಾಖ ಮಾತ್ರ, ಮರದಡಿ ಕೂತವರದಲ್ಲ. ನೀರನ್ನು, ಮಣ್ಣನ್ನು ದಾಟಿ ಈ ಕಿರಣ ಬರುವುದಿಲ್ಲ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೊಚ್ಚಿಹೋದ ಲಾರಿ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳ ನಂತರ, ಹೂಳೆತ್ತುವ ಯಂತ್ರ ತಂದ ಮೇಲೆ. ಯಾವ ಜಾಗದಲ್ಲಿ ತನ್ನ ಕ್ಯಾಮೆರಾ ಕುರುಡು ಎಂದು ತಿಳಿದು, ಅದನ್ನು ಮೊದಲೇ ಹೇಳುವ ಪೈಲಟ್ ತಂಡಕ್ಕೆ ಬೇಕು.

ಹೇಳುವುದಕ್ಕೂ ಒಂದು ಲೆಕ್ಕವಿದೆ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಅಮೆರಿಕದ ನೌಕಾಪಡೆಯಲ್ಲಿ ಬರ್ನಾರ್ಡ್ ಕೂಪ್‌ಮನ್ ಎಂಬ ಗಣಿತಜ್ಞ ಕಟ್ಟಿದ ಹುಡುಕಾಟದ ಸಿದ್ಧಾಂತ ಇಂದು ಬೆಟ್ಟ ಕಾಡುಗಳ ಶೋಧಕ್ಕೂ ಆಧಾರ. ಮೂರು ಜಾಗಗಳಿವೆ ಎನ್ನಿ: ಕೆರೆ ಏರಿಯ ಪಕ್ಕ ಇರುವ ಸಾಧ್ಯತೆ ನೂರಕ್ಕೆ 40, ತೋಟದಲ್ಲಿ 30, ಗುಡ್ಡದ ಇಳಿಜಾರಿನಲ್ಲಿ 30. ಕೆರೆ ಏರಿಯ ಮೇಲೆ ಡ್ರೋನ್ ಹಾರಿತು, ಯಾರೂ ಕಾಣಲಿಲ್ಲ. ಅಲ್ಲಿ ಇದ್ದಿದ್ದರೆ ನೂರಕ್ಕೆ 70ರಷ್ಟು ಸಲ ನಮಗೆ ಕಾಣುತ್ತಿತ್ತು ಎಂದು ಪೈಲಟ್ ಪ್ರಾಮಾಣಿಕವಾಗಿ ಹೇಳಿದ. ಹಾಗಾದರೆ ಆ 40ರಲ್ಲಿ ಉಳಿದದ್ದು 12. ಇದನ್ನು ಮತ್ತೆ ನೂರಕ್ಕೆ ಹೊಂದಿಸಿದರೆ ಕೆರೆಯ ಪಾಲು ಸುಮಾರು 17ಕ್ಕೆ ಇಳಿಯುತ್ತದೆ, ಉಳಿದೆರಡು ಜಾಗ ತಲಾ 42ರ ಹತ್ತಿರಕ್ಕೆ ಏರುತ್ತವೆ. ಮುಂದೆ ಯಾರು ಎಲ್ಲಿಗೆ ಹೋಗಬೇಕೆಂದು ತಕ್ಷಣ ತೀರ್ಮಾನವಾಗುತ್ತದೆ. ಪೈಲಟ್ ಹುಮ್ಮಸ್ಸಿನಲ್ಲಿ ‘ನೂರಕ್ಕೆ ನೂರು ನೋಡಿದ್ದೇನೆ’ ಎಂದು ಬಿಟ್ಟಿದ್ದರೆ ಕೆರೆ ಏರಿಗೆ ಮತ್ತೆ ಯಾರೂ ಹೋಗುತ್ತಿರಲಿಲ್ಲ. ಪೊದೆಯಡಿ ಬಿದ್ದಿರುವ ಜೀವವೊಂದು ಅಲ್ಲೇ ಉಳಿದುಬಿಡುತ್ತಿತ್ತು. ಒಂದು ಅಂಕಿಯ ಮೇಲೆ ಅಷ್ಟು ಭಾರ ಇದೆ.

ಆ ಮೊದಲಿನ 40, 30, 30 ಎಲ್ಲಿಂದ ಬಂತು? ಕಾಣೆಯಾದವರು ಯಾರು ಎಂಬುದರಿಂದ. ರಾಬರ್ಟ್ ಕೋಯೆಸ್ಟರ್ ಎಂಬ ಅಮೆರಿಕದ ಸಂಶೋಧಕರು ಜಗತ್ತಿನ ಹಲವು ದೇಶಗಳ ಹುಡುಕಾಟದ ದಾಖಲೆಗಳನ್ನು ಕೂಡಿಸಿ 2008ರಲ್ಲಿ ಒಂದು ಕೈಪಿಡಿ ತಂದರು. ಅದರ ಪ್ರಕಾರ ಮರೆವಿನ ಕಾಯಿಲೆ ಇರುವ ಹಿರಿಯರು ಯಾವುದಾದರೂ ಅಡ್ಡ ಬರುವವರೆಗೂ ನಡೆಯುತ್ತಲೇ ಹೋಗುತ್ತಾರೆ. ಬೇಲಿ, ಮುಳ್ಳು, ಕಂದಕದಲ್ಲಿ ಸಿಕ್ಕಿಕೊಂಡರೂ ಸಹಾಯಕ್ಕೆ ಕೂಗುವುದಿಲ್ಲ, ಹೆಸರು ಹಿಡಿದು ಕರೆದರೆ ಓಗೊಡುವುದೂ ಅಪರೂಪ. ಚಿಕ್ಕ ಮಕ್ಕಳು ಪೊದೆಯೊಳಗೆ ತೂರಿ ನಿದ್ದೆ ಹೋಗಬಹುದು, ಅಪರಿಚಿತರ ದನಿಗೆ ಹೆದರಿ ಸುಮ್ಮನಾಗಬಹುದು. ಹಾರುವ ಮೊದಲು ಮನೆಯವರ ಜೊತೆ ಕೂತು ಇದನ್ನೆಲ್ಲ ಕೇಳಿಕೊಂಡವರು ಬಯಲಿನ ನಡುವಿನಲ್ಲಿ ಬ್ಯಾಟರಿ ಕಳೆಯದೆ ಬೇಲಿಯ ಅಂಚಿನಿಂದ ಶುರುಮಾಡುತ್ತಾರೆ.

ಸಿಕ್ಕ ಮೇಲೂ ಕೆಲಸ ಇರುತ್ತದೆ. 2018ರ ಜುಲೈನಲ್ಲಿ ಪಾಕಿಸ್ತಾನದ ಕಾರಕೋರಂ ಶ್ರೇಣಿಯ ಬ್ರಾಡ್ ಪೀಕ್‌ನಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ರಿಕ್ ಅಲೆನ್ ಬಿದ್ದು ಕಾಣೆಯಾದರು. ಸತ್ತೇ ಹೋದರು ಎಂದು ಜೊತೆಗಾರರು ಅಂದುಕೊಂಡಿದ್ದರು. ಪಕ್ಕದ ಕೆ2 ಶಿಖರದಲ್ಲಿ ಸಹೋದರನ ಸ್ಕೀಯಿಂಗ್ ಚಿತ್ರಿಸಲು ಬಂದಿದ್ದ ಪೋಲೆಂಡಿನ ಬಾರ್ಟೆಕ್ ಬಾರ್ಗಿಯೆಲ್ ತನ್ನ ಮ್ಯಾವಿಕ್ ಪ್ರೊ ಡ್ರೋನ್ ಕಳಿಸಿ ಅವರನ್ನು ಪತ್ತೆ ಹಚ್ಚಿದ. ಮುಕ್ಕಾಲು ಕಿಲೋ ತೂಕದ ಆ ಯಂತ್ರಕ್ಕೆ ತಯಾರಕರು ಹೇಳಿದ್ದ ಎತ್ತರದ ಮಿತಿ 5,000 ಮೀಟರ್. ಅದನ್ನು ಎಷ್ಟೋ ಮೀರಿ ಹಾರಿಸಿ, ಹುಡುಕಿ ಬಂದ ಆರೋಹಿಗಳನ್ನು ಅದೇ ಡ್ರೋನಿನಿಂದ ದಾರಿ ತೋರಿಸುತ್ತ ಅಲೆನ್ ಇದ್ದಲ್ಲಿಗೆ ಕರೆದೊಯ್ದ. ಅಲೆನ್ ಬದುಕಿದರು.

ಇಷ್ಟೆಲ್ಲ ಸಾಧ್ಯ ಎಂದು ಸುದ್ದಿ ಕೇಳಿದೊಡನೆ ಡ್ರೋನ್ ಹೆಗಲಿಗೇರಿಸಿ ಓಡುವುದು ಮಾತ್ರ ಅಪಾಯ. ಕರೆ ಬರದೆ ಹೋಗಬಾರದು. ಹೆಲಿಕಾಪ್ಟರಿನ ಸದ್ದು ಕೇಳಿದರೆ ಡ್ರೋನ್ ನೆಲಕ್ಕಿಳಿಯಬೇಕು, ಅದರಲ್ಲಿ ಚೌಕಾಸಿಯಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಕಾಳ್ಗಿಚ್ಚಿನ ಮೇಲೆ ಯಾರೋ ಕುತೂಹಲಕ್ಕೆ ಹಾರಿಸಿದ ಡ್ರೋನ್ ನೀರು ಸುರಿಯುವ ವಿಮಾನದ ರೆಕ್ಕೆಗೆ ಬಡಿದು ತೂತು ಮಾಡಿತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನ ದುರಸ್ತಿಗೆ ನಿಲ್ಲಬೇಕಾಯಿತು. ಸಿಕ್ಕವರ ಚಿತ್ರವನ್ನು ಹಂಚಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ಊರಿನ ವಾಟ್ಸಾಪಿಗೆ ಮುಟ್ಟಿದರೆ ಆ ಗಾಯ ಮಾಯುವುದಿಲ್ಲ.

ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು, 2 ಕಿಲೋವರೆಗಿನ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ಹಸಿರು ವಲಯದಲ್ಲಿ, ಅಂದರೆ ಮುಂಗಡ ಅನುಮತಿ ಬೇಡದ ಜಾಗದಲ್ಲಿ, 400 ಅಡಿಯೊಳಗೆ ಇರಬೇಕು. ಆಸಕ್ತರು ತುರ್ತು ಬರುವ ಮೊದಲೇ ತಮ್ಮ ಊರಿನ ಪೊಲೀಸ್ ಠಾಣೆಯಲ್ಲೂ ಅಗ್ನಿಶಾಮಕ ಠಾಣೆಯಲ್ಲೂ ಪರಿಚಯ ಮಾಡಿಕೊಂಡು ಹೆಸರು ಕೊಟ್ಟಿಡುವುದು ಒಳ್ಳೆಯದು. ಅಭ್ಯಾಸಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಒಂದು ಭಾನುವಾರ, ಅನುಮತಿ ಪಡೆದ ಹೊಲ, ಬೇರೆ ಬೇರೆ ಬಣ್ಣದ ಬಟ್ಟೆ ತೊಟ್ಟ ನಾಲ್ಕು ಗೆಳೆಯರು. ಎಷ್ಟು ಜನ ಅಡಗಿದ್ದಾರೆಂದು ಪೈಲಟ್‌ಗೆ ತಿಳಿಯಬಾರದು. ಒಂದೊಂದು ಸಲ ಯಾರೂ ಅಡಗದೆ ಮರದ ಕೆಳಗೆ ಕೂತು, ಅವನು ಎಷ್ಟು ಹೊತ್ತು ಹುಡುಕಿದ, ನಕ್ಷೆಯಲ್ಲಿ ಯಾವ ಮೂಲೆಯನ್ನು ನೋಡಿಲ್ಲವೆಂದು ಗುರುತು ಹಾಕಿದ, ಕೊನೆಗೆ ಯಾವ ಅಂಕಿ ಬರೆದುಕೊಟ್ಟ ಎಂದು ನೋಡಬೇಕು.